ಆಚಾರ್ಯರನ್ನು ನಡೆಸಿದ ರಾಧಾಬಾಯಿ

ಗದ್ವಾಲದಲ್ಲಿ ನಮ್ಮ ಅಜ್ಜನ ಹೆಸರೆತ್ತಿದರೆ ಸಾಕು, ಇವತ್ತಿಗೂ ಯಾರಾದರೊಬ್ಬರು ಆತನ ಊಟದ ಸುದ್ದಿ ತೆಗೆಯುತ್ತಾರೆ. ಪ್ರಾಣೇಶಾಚಾರ್ಯರು ಒಂದೇ ಪಂಕ್ತಿಯಲ್ಲಿ ಇಪ್ಪತ್ತೆಂಟು ಹೋಳಿಗೆ ತಿಂದರಂತೆ, ತುಪ್ಪವನ್ನು ದೊನ್ನೆಯಲ್ಲಿ ಕುಡಿದರಂತೆ, ಬಡಿಸುವವನ ಕೈ ಸೋತಿತಂತೆ. ಕೇಳಿ ಕೇಳಿ ನನಗೆ ರೇಗುತ್ತದೆ. ಅಜ್ಜ ಹಾಗೆ ಉಂಡದ್ದು ನಲವತ್ತನಾಲ್ಕನೆಯ ವಯಸ್ಸಿನವರೆಗೆ ಮಾತ್ರ. ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದಿನಾ ನಸುಕಿನಲ್ಲಿ ಎದ್ದು ನಡೆದ. ಆ ಸುದ್ದಿ ಯಾರ ಬಾಯಲ್ಲೂ ಇಲ್ಲ. ಆತನನ್ನು ನಡೆಸಿದ ನಮ್ಮ ಅಜ್ಜಿ ರಾಧಾಬಾಯಿಯ ಹೆಸರಂತೂ ಊರಿಗೆ ಗೊತ್ತೇ ಇಲ್ಲ. ಹೊಟ್ಟೆಯನ್ನು ನೆನಪಿಟ್ಟ ಊರು ಕಾಲನ್ನು ಮರೆತರೆ ನಾನು ಸುಮ್ಮನಿರಬೇಕೇ?

ಅಜ್ಜನ ಉಪಜೀವನವೇ ಊಟವಾಗಿತ್ತು. ಚೇಷ್ಟೆಗೆ ಹೇಳುತ್ತಿಲ್ಲ. ವೈಷ್ಣವರ ಮನೆಗಳಲ್ಲಿ ತಂದೆತಾಯಿಯ ಶ್ರಾದ್ಧ ಬಂದರೆ ಪಿತೃಗಳ ಸ್ಥಾನದಲ್ಲಿ ಒಬ್ಬ ಬ್ರಾಹ್ಮಣನನ್ನು ಕೂಡಿಸಿ ಉಣಿಸುತ್ತಾರೆ. ಆತ ಉಂಡದ್ದು ಸತ್ತವರಿಗೆ ಮುಟ್ಟುತ್ತದೆಂಬ ನಂಬಿಕೆ. ಕೊನೆಗೆ ಯಜಮಾನ ಕೈಮುಗಿದು ತೃಪ್ತಿಯಾಯಿತೇ ಎಂದು ಕೇಳುತ್ತಾನೆ, ಕೂತವನು ‘ತೃಪ್ತೋಸ್ಮಿ’ ಅನ್ನಬೇಕು. ನಮ್ಮ ಅಜ್ಜ ಆ ಮಾತನ್ನು ಅಷ್ಟು ಸುಲಭವಾಗಿ ಹೇಳುವವನಾಗಿರಲಿಲ್ಲ. ವಡೆಯ ಬುಟ್ಟಿ ಬರಿದಾಗಬೇಕು, ಎಳ್ಳುಂಡೆಯ ಡಬ್ಬಿಯ ತಳ ಕಾಣಬೇಕು, ಪಾಯಸ ಮೂರು ಸಲ ಬರಬೇಕು. ಯಜಮಾನನಿಗೂ ಅದೇ ಬೇಕಾಗಿತ್ತು. ತನ್ನ ಅಪ್ಪ ಮೇಲೆ ಹೊಟ್ಟೆತುಂಬ ಉಂಡನೆಂದು ಆತ ಕಣ್ಣೊರೆಸಿಕೊಳ್ಳುತ್ತಿದ್ದ. ಹೀಗಾಗಿ ಮಲ್ದಕಲ್, ಮಕ್ತಲ್, ಅಲಂಪುರದಿಂದಲೂ ಅಜ್ಜನಿಗೆ ಕರೆ ಬರುತ್ತಿತ್ತು. ಶ್ರಾದ್ಧದೂಟ ಉಂಡವನು ಆ ದಿನ ದಾರಿ ನಡೆಯಬಾರದೆಂದು ಶಾಸ್ತ್ರ. ಅದಕ್ಕೇ ಕರೆಯುವವರು ಎತ್ತಿನ ಗಾಡಿ ಕಳಿಸುತ್ತಿದ್ದರು. ಬರಬರುತ್ತ ಅಜ್ಜ ಉಣ್ಣದ ದಿನವೂ ನಡೆಯುವುದನ್ನು ಬಿಟ್ಟ.

ಮಕ್ತಲ್ ಕಡೆ ಹೋಗಬೇಕಾದರೆ ಜೂರಾಲದ ಹತ್ತಿರ ಕೃಷ್ಣೆಯನ್ನು ಹರಗೋಲಿನಲ್ಲಿ ದಾಟಬೇಕಿತ್ತು. ಹರಗೋಲು ನಡೆಸುವ ನರಸಿಂಹುಲು ಅಜ್ಜನನ್ನು ಒಂದು ಬದಿಗೆ ಕೂಡಿಸಿ, ಇನ್ನೊಂದು ಬದಿಗೆ ನಾಲ್ಕು ಜನರನ್ನು ಒತ್ತಿ ಕೂಡಿಸಿ, “ಈಗ ಸಮ ಆತು ನೋಡ್ರಿ ಸ್ವಾಮಿ” ಅನ್ನುತ್ತಿದ್ದನಂತೆ. ಅಜ್ಜ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ತಾನೂ ನಗುತ್ತಿದ್ದ. ಯಾರಾದರೂ ಇಷ್ಟು ತಿನ್ನಬಾರದು ಎಂದರೆ ಉತ್ತರ ಸಿದ್ಧವಿತ್ತು. ತಿಂಗಳಿಗೆ ಎರಡು ಏಕಾದಶಿ ನೀರೂ ಮುಟ್ಟದೆ ಇರುತ್ತೇನೆ, ನನ್ನ ಹೊಟ್ಟೆಗೆ ನಾನೇ ಯಜಮಾನ ಎನ್ನುತ್ತಿದ್ದ. ಏಕಾದಶಿಯ ಉಪವಾಸ ನಿಜ. ದ್ವಾದಶಿಯ ಬೆಳಗ್ಗೆ ಸೂರ್ಯ ಮೇಲೇರುವ ಮೊದಲೇ ಎರಡು ದಿನದ್ದನ್ನು ಒಟ್ಟಿಗೆ ಉಣ್ಣುತ್ತಿದ್ದುದೂ ನಿಜ.

ಗದ್ವಾಲ ಆಗ ನಿಜಾಮರ ಸೀಮೆ, ಅವರ ಫಸಲಿ ಲೆಕ್ಕದ ಸಾವಿರದ ಮುನ್ನೂರ ಮೂವತ್ತೈದರ ಬೇಸಿಗೆ, ಇಂಗ್ಲಿಷಿನಲ್ಲಿ ಸಾವಿರದ ಒಂಬೈನೂರ ಇಪ್ಪತ್ತಾರು. ಅಜ್ಜಿ ಹಿತ್ತಲು ಗುಡಿಸುತ್ತಿದ್ದಾಗ ಗೋಡೆಯ ಮೂಲೆಯಲ್ಲಿ, ಅಜ್ಜ ಮೂತ್ರಕ್ಕೆ ಹೋಗುವ ಜಾಗದಲ್ಲಿ, ಇರುವೆಗಳ ಸಾಲು ಕಂಡಳು. ನೀರು ಹಾಕಿದಳು. ಮರುದಿನ ಮತ್ತೆ ಬಂದವು. ಆಕೆಗೆ ಆ ಇರುವೆಗಳ ಅರ್ಥ ಗೊತ್ತಿತ್ತು. ಆಕೆಯ ಅಕ್ಕ ಪದ್ಮಾಬಾಯಿಯ ಗಂಡನ ಮನೆಯ ಹಿತ್ತಲಿನಲ್ಲೂ ಇಂಥದೇ ಸಾಲು ಇತ್ತು. ಆ ಮನುಷ್ಯನ ಕಾಲಬೆರಳಿಗೆ ಮುಳ್ಳು ಚುಚ್ಚಿ, ಗಾಯ ಮಾಯದೆ, ಕಾಲು ಕಪ್ಪಾಗಿ, ಮೂರು ತಿಂಗಳಲ್ಲಿ ಹೋಗಿಬಿಟ್ಟ. ಆಗ ಪದ್ಮಕ್ಕನಿಗೆ ಇಪ್ಪತ್ತಾರು. ಹತ್ತನೆಯ ದಿನ ನಾವಿದನನ್ನು ಕರೆಸಿ ತಲೆ ಬೋಳಿಸಿದರು, ಕೆಂಪು ಸೀರೆ ಉಡಿಸಿದರು. ಆವತ್ತಿನಿಂದ ಆಕೆ ತಂಗಿಯ ಮನೆಯಲ್ಲೇ ಇದ್ದಳು. ಹದಿನಾರು ವರ್ಷದಿಂದ ಒಪ್ಪೊತ್ತು ಊಟ, ದಿನಪೂರ್ತಿ ದುಡಿತ.

ಅಜ್ಜಿ ಗಂಡನ ಕಾಲು ನೋಡಿದಳು. ಎಡಗಾಲಿನ ಬೆರಳಲ್ಲಿ ಗಾಯವಿತ್ತು. ಮೆಟ್ಟು ಕಚ್ಚಿದ್ದು, ತಿಂಗಳಾಯಿತು, ಏನಿಲ್ಲ ಎಂದ ಅಜ್ಜ. ಆಕೆ ಅವತ್ತೇ ಆತನನ್ನು ಕೋಟೆ ಬಾಗಿಲ ಹತ್ತಿರದ ಹಕೀಮರ ಮನೆಗೆ ಹೊರಡಿಸಿದಳು. ಮಡಿ ಕೆಡುತ್ತದೆಂದು ಅಜ್ಜ ಮಣಿಕಟ್ಟಿಗೆ ರೇಷ್ಮೆ ವಸ್ತ್ರ ಸುತ್ತಿಕೊಂಡು ಕೈ ಚಾಚಿದ. ಹಕೀಮರು ಬಲು ದೊಡ್ಡ ಮನಸ್ಸಿನವರು. ನಕ್ಕು, ವಸ್ತ್ರದ ಮೇಲಿಂದಲೇ ನಾಡಿ ಹಿಡಿದರು.

“ಆಚಾರಿ ಸಾಬ್, ಇದು ಶಕ್ಕರ್ ಕೀ ಬೀಮಾರಿ. ಪುಡಿ ಕೊಡ್ತೀನಿ. ಆದ್ರ ಪುಡಿ ಮಾಡೋ ಕೆಲಸ ಸ್ವಲ್ಪ, ಉಳಿದದ್ದು ನಿಮ್ಮ ಬಾಯಿ, ನಿಮ್ಮ ಕಾಲು ಮಾಡಬೇಕು. ಬೆಲ್ಲ ಬಂದ್, ಸಕ್ಕರಿ ಬಂದ್, ಅನ್ನ ಕಮ್ಮಿ. ದಿನಾ ಬೆವರು ಬರೋ ತನಕ ನಡೀರಿ.”

“ಎಷ್ಟು ದಿನ ರೀ?” ಎಂದ ಅಜ್ಜ.

“ಎಷ್ಟು ದಿನ ಬದುಕಬೇಕಂತೀರಿ, ಅಷ್ಟು ದಿನ.”

ಅಜ್ಜನಿಗೆ ಆ ಉತ್ತರ ಹಿಡಿಸಲಿಲ್ಲ. ಆತನ ಮನಸ್ಸಿಗೆ ಒಂದು ಲೆಕ್ಕ ಬೇಕು, ಒಂದು ವಿಧಿ ಬೇಕು. ಮನೆಗೆ ಬಂದವನೇ ಪಂಚಾಂಗ ತೆಗೆದು ಒಳ್ಳೆಯ ದಿನ ನೋಡಿ, ಹನುಮಂತದೇವರ ಮುಂದೆ ಸಂಕಲ್ಪ ಮಾಡಿದ. ನಲವತ್ತೆಂಟು ದಿನ, ಒಂದು ಮಂಡಲ. ಸಿಹಿ ಇಲ್ಲ, ಅನ್ನ ಇಲ್ಲ, ಶ್ರಾದ್ಧದ ಕರೆ ಇಲ್ಲ, ದಿನಾ ನೂರೆಂಟು ಪ್ರದಕ್ಷಿಣೆ. ಅಂದಮೇಲೆ ಮಾಡಿಯೇ ಮಾಡಿದ, ಅದನ್ನು ಒಪ್ಪಿಕೊಳ್ಳಬೇಕು. ಬೆಳಗ್ಗೆ ಗುಡಿಯ ಸುತ್ತ ಏದುಸಿರು ಬಿಡುತ್ತ ಸುತ್ತುತ್ತಿದ್ದರೆ ಜನ ನಿಂತು ನೋಡುತ್ತಿದ್ದರು. ಬೆರಳಿನ ಗಾಯ ಅಂಚಿನಿಂದ ಒಣಗತೊಡಗಿತು. ಅಜ್ಜಿ ಹಿತ್ತಲಿಗೆ ಹೋಗಿ ನೋಡಿದರೆ ಇರುವೆಗಳಿಲ್ಲ. ದೇವರಿಗೆ ತುಪ್ಪದ ದೀಪ ಹಚ್ಚಿದಳು.

ನಲವತ್ತೆಂಟನೆಯ ದಿನ ಬಂತು. ವ್ರತ ಹಿಡಿದ ಮೇಲೆ ಅದನ್ನು ಬಿಡುವ ಕ್ರಮ ಒಂದಿದೆಯಲ್ಲ, ಉದ್ಯಾಪನೆ. ಹನ್ನೆರಡು ಜನರನ್ನು ಕೂಡಿಸಿ ಉಣಿಸಬೇಕು, ವ್ರತ ಮಾಡಿದವನೂ ಉಣ್ಣಬೇಕು. ಹೋಳಿಗೆ, ಚಿರೋಟಿ, ಶ್ಯಾವಿಗೆ ಪಾಯಸ, ಬಟ್ಟಲುಗಟ್ಟಲೆ ತುಪ್ಪ. ಮಾಡಿದವಳು ಅಜ್ಜಿಯೇ. ವ್ರತ ಸಾಂಗವಾಯಿತೆಂಬ ಹಿಗ್ಗಿನಲ್ಲಿ ಆಕೆಗೂ ಏನೂ ಹೊಳೆಯಲಿಲ್ಲ. ಅಜ್ಜ ನಲವತ್ತೆಂಟು ದಿನ ಬಿಟ್ಟದ್ದನ್ನೆಲ್ಲ ಒಂದೇ ಪಂಕ್ತಿಯಲ್ಲಿ ತೀರಿಸಿದ. ಕಾಯಿಲೆಗೆ ಮದ್ದು ಮಾಡಿ, ಮದ್ದು ಮುಗಿದ ಸಂತೋಷಕ್ಕೆ ಕಾಯಿಲೆಯನ್ನೇ ಊಟಕ್ಕೆ ಕರೆಯುವ ಬುದ್ಧಿ ನಮ್ಮ ಜನಕ್ಕೆ ಬಿಟ್ಟರೆ ಇನ್ನಾರಿಗೂ ಬರಲಾರದು.

ಮರುದಿನದಿಂದ ನಡಿಗೆಯೂ ನಿಂತಿತು. ವ್ರತವೇ ಮುಗಿದ ಮೇಲೆ ಪ್ರದಕ್ಷಿಣೆ ಯಾಕೆ? ತಿಂಗಳೊಳಗೆ ಬೆರಳು ಮತ್ತೆ ಕೀವು ಕಟ್ಟಿತು, ಜ್ವರ ಏರಿತು, ಮೂರು ದಿನ ಅಜ್ಜನಿಗೆ ಮೈಮೇಲೆ ಎಚ್ಚರವಿರಲಿಲ್ಲ. ನೋಡಲು ಬಂದ ಹೆಂಗಸರ ಕಣ್ಣು ಹಾಸಿಗೆಯಿಂದ ಎದ್ದು ನೇರ ಅಜ್ಜಿಯ ತುರುಬಿಗೆ ಹೋಗುತ್ತಿತ್ತು. ಅಜ್ಜಿಗೆ ಆಗ ಮೂವತ್ತನಾಲ್ಕು. ಕೂದಲು ಮೊಣಕಾಲವರೆಗೆ ಇತ್ತು. ಬಂದವರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ಆ ನೋಟ ಆಕೆಗೆ ಸಾಯುವವರೆಗೆ ಮರೆಯಲಿಲ್ಲ. ಹೇಳುವಾಗಲೆಲ್ಲ ಆಕೆಯ ಧ್ವನಿ ಗಟ್ಟಿಯಾಗುತ್ತಿತ್ತು.

ಹಕೀಮರ ಕೈಗುಣವೋ ಆಯುಸ್ಸು ಗಟ್ಟಿಯೋ, ಅಜ್ಜ ಎದ್ದು ಕೂತ. ಗಂಜಿ ಕುಡಿಯುವಷ್ಟು ಶಕ್ತಿ ಬಂದ ದಿನ ಅಜ್ಜಿ ಎದುರು ಬಂದು ಕೂತಳು.

“ನೋಡ್ರಿ, ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಅಕ್ಕನ ತಲಿ ಬೋಳಿಸೋ ದಿನ ನಾ ಅಲ್ಲೇ ಇದ್ದೆ. ಅಕಿ ಕೂಗಲಿಲ್ಲ, ಅಳಲಿಲ್ಲ. ಕೂದಲ ಬಿದ್ದಂಗ ಬಿದ್ದಂಗ ಅದನ್ನ ನೋಡಿಕೋತ ಕೂತಿದ್ದಳು. ನನಗ ಸಾವಿನ ಅಂಜಿಕಿ ಇಲ್ರಿ. ಆ ಕತ್ತಿ ಅಂಜಿಕಿ ಐತಿ. ನೀವು ಉಂಡು ಹೋಗಿಬಿಡ್ತೀರಿ. ಆ ಕತ್ತಿ ಮುಂದ ಕೂಡಾಕಿ ನಾನು.”

ಅಜ್ಜ ಶಾಸ್ತ್ರ ಓದಿದವನು, ಹತ್ತಾರು ಮನೆಗಳಲ್ಲಿ ಹತ್ತನೆಯ ದಿನದ ಕರ್ಮ ಮಾಡಿಸಿದವನು. ಆ ಕತ್ತಿ ತನ್ನ ಮನೆಯ ಕಡೆಗೂ ತಿರುಗಬಹುದೆಂದು ಆತ ಯೋಚಿಸಿಯೇ ಇರಲಿಲ್ಲ.

“ಮತ್ತೊಂದು ಮಂಡಲ ಹಿಡೀತೀನಿ,” ಎಂದ.

“ಮಂಡಲ ಬ್ಯಾಡ್ರಿ. ವ್ರತಕ್ಕ ಉದ್ಯಾಪನಿ ಐತಿ. ನಿಮ್ಮ ಸಂಧ್ಯಾವಂದನಿಗೆ ಐತೇನು ಉದ್ಯಾಪನಿ?”

“ಅದು ನಿತ್ಯಕರ್ಮ. ಅದಕ್ಕೆಲ್ಲಿ ಉದ್ಯಾಪನಿ?”

“ಅದನ್ನ ಮಾಡಿದ್ರ ಏನು ಪುಣ್ಯ ಬರತೈತಿ?”

“ಮಾಡಿದ್ದಕ್ಕ ಪುಣ್ಯ ಇಲ್ಲ. ಬಿಟ್ರ ದೋಷ.”

“ಒಂದು ಹೊತ್ತು ತಪ್ಪಿದ್ರ?”

“ಪ್ರಾಯಶ್ಚಿತ್ತಕ್ಕ ಒಂದು ಅರ್ಘ್ಯ ಹೆಚ್ಚಿಗಿ ಕೊಟ್ಟು ಮುಂದಿನದು ಮಾಡೋದು.”

“ತಪ್ಪಿತಂತ ಜನಿವಾರ ತಗದು ಇಡೋದಿಲ್ಲಲ್ಲ? ಹಂಗಾರ ನಡಿಯೋದನ್ನೂ ಅದರಾಗ ಸೇರಿಸ್ರಿ. ಎಂಟು ದಿನ ನಡದೆ ಅಂತ ಹಿಗ್ಗೋದು ಬ್ಯಾಡ, ಒಂದು ದಿನ ತಪ್ಪಿತಂತ ಬಿಡೋದೂ ಬ್ಯಾಡ. ಊಟಾನೂ ಹಂಗ. ಇವತ್ತಿಂದ ಅಕ್ಕನ ತಾಟಿನಾಗ ಏನಿರತೈತೋ ಅದೇ ನಿಮ್ಮ ತಾಟಿನಾಗ.”

ಅಜ್ಜ ಬೆಚ್ಚಿಬಿದ್ದ. ವಿಧವೆಯ ಊಟವನ್ನು ಮನೆಯ ಯಜಮಾನನಿಗೆ ಬಡಿಸುವುದೇ? ಪದ್ಮಕ್ಕ ಅಡಿಗೆಮನೆಯಿಂದಲೇ ಹೇಳಿದಳು, “ಅದನ್ನ ಉಂಡು ನಾ ಗಟ್ಟಿ ಅದೀನಿ. ನಿಮ್ಮಂಥ ಊಟ ಉಂಡು ನಮ್ಮ ಮನಿಯವರು ಹೋದ್ರು.” ಎಂದೂ ಎದುರು ಮಾತಾಡದ ಹೆಂಗಸು. ಅಜ್ಜ ತಾಟನ್ನು ಮುಂದಕ್ಕೆ ಎಳೆದುಕೊಂಡ. ಜೋಳದ ರೊಟ್ಟಿ ಒಂದೂವರೆ, ಪುಂಡಿಸೊಪ್ಪು, ಹೆಸರುಬೇಳೆ, ತೆಳ್ಳಗಿನ ಮಜ್ಜಿಗೆ.

ಮೊದಲ ದಿನದ ನಡಿಗೆ ಕುಂಬಾರರ ಓಣಿಯ ತನಕ ಹೋಗಿ ನಿಂತಿತು. ಸತ್ಯಮ್ಮ ಎಂಬ ಕುಂಬಾರ ಮುದುಕಿಯ ಕಟ್ಟೆಯ ಮೇಲೆ ಅಜ್ಜ ಕುಸಿದು ಕೂತ. ಗುರಿ ಇದ್ದದ್ದು ಊರಾಚೆಯ ಹುಣಸೆಮರದ ಬಾವಿ, ಇನ್ನೂ ಅದರ ನಾಲ್ಕು ಪಟ್ಟು ದೂರ. ಸತ್ಯಮ್ಮ ತೆಲುಗಿನವಳು, ಬಾಯಿ ಜೋರು. “ಏಮಯ್ಯಾ ಸ್ವಾಮೀ, ನಾ ಕಟ್ಟಿ ಮುರಿದ್ರ ಯಾರು ಕಟ್ಟಿಕೊಡ್ತಾರ?” ಎಂದು ದಿನಾ ಅಡ್ಡಹಾಕುತ್ತಿದ್ದಳು. ಐದನೆಯ ದಿನ ಅಜ್ಜ ಆ ಮಾತಿಗೆ ಹೆದರಿ ಕಟ್ಟೆ ದಾಟಿ ಹೋಗಿ ಮುಂದಿನ ಬೇವಿನ ಗಿಡದ ಬುಡದಲ್ಲಿ ಕೂತ. ಹಕೀಮರ ಪುಡಿಗಿಂತ ಸತ್ಯಮ್ಮನ ನಾಲಿಗೆ ಹೆಚ್ಚು ಕೆಲಸ ಮಾಡಿತೆಂದು ಅಜ್ಜಿ ಹೇಳುತ್ತಿದ್ದಳು. ಬಾವಿ ಮುಟ್ಟಲು ಎರಡು ತಿಂಗಳು ಬೇಕಾಯಿತು. ಮುಟ್ಟಿದ ದಿನ ಅಜ್ಜ ಹಗ್ಗ ಹಿಡಿದು ತಾನೇ ನೀರು ಸೇದಿ ಕಾಲು ತೊಳೆದುಕೊಂಡು, ಹಿಂದೆ ಬರುತ್ತಿದ್ದ ಹೆಂಡತಿಯ ಕಡೆ ತಿರುಗಿ ನೋಡಿದ. ಅಜ್ಜಿ ಏನೂ ಹೊಗಳಲಿಲ್ಲ. “ನಾಳೆ ಬರೂಣು,” ಎಂದಳು ಅಷ್ಟೇ.

ಕೆಲಸವಿಲ್ಲದೆ ಸುಮ್ಮನೆ ನಡೆಯುವವರು ಆಗ ಊರಿನಲ್ಲಿ ಯಾರೂ ಇರಲಿಲ್ಲ. ಗಂಡಹೆಂಡತಿ ನಸುಕಿನಲ್ಲಿ ಊರಾಚೆ ಹೋಗಿ ಬರಿಗೈಲಿ ಬಂದರೆ ಜನ ಏನೇನೋ ಆಡಿಕೊಳ್ಳುತ್ತಾರೆ. ಅಜ್ಜಿ ಅದಕ್ಕೂ ದಾರಿ ಮಾಡಿದಳು. ಒಂದು ದಿನ ದರ್ಭೆ, ಒಂದು ದಿನ ತುಳಸಿ, ದ್ವಾದಶಿಯ ಹಿಂದಿನ ದಿನ ಅಗಸೆ ಸೊಪ್ಪು. ಬುಟ್ಟಿ ಕೈಯಲ್ಲಿದ್ದರೆ ಯಾರೂ ಕೇಳುವುದಿಲ್ಲ. ನಾರಾಯಣಪೇಟೆಯ ಚೌಕಳಿ ಸೀರೆಯ ಸೆರಗು ಬಿಗಿದು ಆಕೆ ಹಿಂದೆ ಹಿಂದೆ ನಡೆಯುತ್ತಿದ್ದಳು. ಗಂಡನ ಹಿಂದೆ ನಡೆಯುವುದು ಪದ್ಧತಿ, ಆದರೆ ಆಕೆಗೆ ಬೇಕಾಗಿದ್ದುದು ಆತನ ಹಿಮ್ಮಡಿಯ ಮೇಲೆ ಕಣ್ಣಿಡುವುದು. ಕುಂಟಿದರೆ ಮನೆಗೆ ಬಂದ ಕೂಡಲೇ ಬೆರಳು ಬೆರಳು ಬಿಡಿಸಿ ನೋಡುತ್ತಿದ್ದಳು.

ಎಲ್ಲ ದಿನವೂ ಸರಾಗವಾಗಿ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅಜ್ಜ ಕಳ್ಳಾಟ ಆಡಿದ. ಪಂಚಾಂಗದ ವಸ್ತ್ರದೊಳಗೆ ಎಳ್ಳುಂಡೆ ಬಚ್ಚಿಟ್ಟುಕೊಂಡು ಬಂದ. ಮೂರನೆಯ ದಿನ ಹಿತ್ತಲಿನಲ್ಲಿ ಇರುವೆ ಹಾಜರು. ಅಜ್ಜಿ ಕೂಗಾಡಲಿಲ್ಲ. “ಒಂದು ಅರ್ಘ್ಯ ಹೆಚ್ಚಿಗಿ,” ಎಂದು ಮರುದಿನ ಬಾವಿಯಿಂದಾಚೆ ಇನ್ನೊಂದು ಹೊಲದಷ್ಟು ನಡೆಸಿದಳು. ಮಳೆಗಾಲದಲ್ಲಿ ಹದಿನೈದು ದಿನ ತಪ್ಪಿತು, ಮಗಳ, ಅಂದರೆ ನಮ್ಮವ್ವನ ಮದುವೆಯಲ್ಲಿ ತಿಂಗಳೇ ತಪ್ಪಿತು. ಪ್ರತಿಸಲ ಮತ್ತೆ ಮೊದಲಿನಿಂದ ಸತ್ಯಮ್ಮನ ಕಟ್ಟೆ. ಅಜ್ಜಿಯೂ ತಪ್ಪಿದಳು. ಒಂದು ನಾಗರಪಂಚಮಿಗೆ ಆತನ ಸಪ್ಪೆ ಮುಖ ನೋಡಲಾರದೆ ತಾನೇ ಎರಡು ಉಂಡೆ ಹಾಕಿಬಿಟ್ಟಳು. ಪ್ರೀತಿ ಅಂದರೆ ಹೆಚ್ಚು ಬಡಿಸುವುದು ಎಂದೇ ಬೆಳೆದ ಕೈ ಅದು. ಕಡಿಮೆ ಬಡಿಸುವುದನ್ನು ಕಲಿಯಲು ಆ ಕೈಗೆ ಎರಡು ವರ್ಷ ಬೇಕಾಯಿತೆಂದು ಆಕೆಯೇ ನನಗೆ ಹೇಳಿದ್ದಾಳೆ. ಆಮೇಲೆ ಮಾತ್ರ ಹೇಳುವ ಪ್ರಸಂಗವೇ ಬರಲಿಲ್ಲ. ನಡೆಯದ ದಿನ ಅಜ್ಜನೇ ಪಡಸಾಲೆಯಲ್ಲಿ ಅತ್ತಿಂದಿತ್ತ ಚಡಪಡಿಸುತ್ತಿದ್ದ.

ಕಷ್ಟವಾದದ್ದು ಶ್ರಾದ್ಧದ ಮನೆಗಳಲ್ಲಿ. ಅಜ್ಜ ಗಾಡಿ ಬೇಡವೆಂದು ಹಿಂದಿನ ದಿನವೇ ಕಾಲುನಡಿಗೆಯಲ್ಲಿ ಹೋಗತೊಡಗಿದ. ಉಂಡ ಮೇಲೆ ದಾರಿ ನಡೆಯಬಾರದು ಸರಿ, ಉಣ್ಣುವ ಮೊದಲು ನಡೆಯಬಾರದೆಂದು ಯಾವ ಗ್ರಂಥದಲ್ಲೂ ಇಲ್ಲವಲ್ಲ. ಎಲೆಯ ಮುಂದೆ ಕೂತು ಎರಡು ವಡೆ, ಒಂದು ಎಳ್ಳುಂಡೆಯ ಚೂರು, ಪಾಯಸ ನೆಪಕ್ಕೆ ಒಂದು ಬೆರಳು. ಆಮೇಲೆ ಸ್ಪಷ್ಟವಾಗಿ ‘ತೃಪ್ತೋಸ್ಮಿ’. ಅಪ್ಪ ಹಸಿದೇ ಹೋದನೆಂದು ಮುಖ ಸಣ್ಣದು ಮಾಡಿದ ಯಜಮಾನರಿಗೆ, ತೃಪ್ತಿ ಆಗಿದೆಯೆಂದು ನಾನು ಹೇಳಿದ ಮೇಲೆ ಆಗಿದೆ, ಉಳಿದದ್ದನ್ನು ಹೊರಗೆ ಕಾದವರಿಗೆ ಹಾಕಿರಿ ಎನ್ನುತ್ತಿದ್ದ. ಕರೆಗಳು ಅರ್ಧಕ್ಕರ್ಧ ಇಳಿದವು. ಅವೆಲ್ಲ ಮಲ್ದಕಲ್ಲಿನ ವಿಜಯೀಂದ್ರಾಚಾರ್ಯರಿಗೆ ಹೋದವು. ಅವರು ಅಜ್ಜನಿಗಿಂತ ಹತ್ತು ವರ್ಷ ಚಿಕ್ಕವರು, ಊಟದಲ್ಲಿ ಅಜ್ಜನ ಸಮಬಲರು. ಒಂದು ಪಂಕ್ತಿಯಲ್ಲಿ ಅಜ್ಜನ ಖಾಲಿ ಎಲೆ ನೋಡಿ, “ಆಚಾರ್ರೇ, ಹೆಂಡ್ತಿ ಅಳತಿ ಮಾಡಿ ಕಳಿಸ್ಯಾಳೇನ್ರಿ?” ಎಂದು ಎಲ್ಲರೆದುರು ನಕ್ಕರು. ಪಂಕ್ತಿ ಮುಗಿಯುವ ತನಕ ಯಾರೂ ಏಳುವಂತಿಲ್ಲ. ಅಜ್ಜ ಒಂದು ತಾಸು ಖಾಲಿ ಎಲೆಯ ಮುಂದೆ ಕೂತ. “ಹೌದ್ರಿ, ಅಕಿನೇ ಅಳತಿ ಮಾಡ್ಯಾಳ,” ಎಂದನಂತೆ. ಆ ಉತ್ತರ ಕೇಳಿ ನನಗೆ ಅಜ್ಜನ ಮೇಲೆ ಎಷ್ಟು ಅಭಿಮಾನ ಬಂತೆಂದು ಹೇಳಲಾರೆ.

ಆದರೆ ಅಜ್ಜಿಗೆ ವಿಜಯೀಂದ್ರಾಚಾರ್ಯರ ಮೇಲೆ ಸಿಟ್ಟು ಬರಲಿಲ್ಲ, ದಿಗಿಲಾಯಿತು. ಮಲ್ದಕಲ್ಲಿನ ದೇವರಿಗೆ ಹೋದಾಗ ಅವರ ಹೆಂಡತಿ ಗುಂಡಾಬಾಯಿಯನ್ನು ಕಂಡು ಹಿತ್ತಲಿನಲ್ಲಿ ಇರುವೆ ಬರುತ್ತವೇನು ಎಂದು ಕೇಳಿದಳು. ಆ ಹುಡುಗಿ ಇಪ್ಪತ್ತೆಂಟರವಳು, ಹೌದೆಂದು ತಲೆಯಾಡಿಸಿತು. ಏನು ಮಾಡಬೇಕೆಂದು ಅಜ್ಜಿ ಎಲ್ಲ ಹೇಳಿಕೊಟ್ಟಳು. ಗುಂಡಾಬಾಯಿಯ ಮಾತನ್ನು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.

ಅಜ್ಜ ನಡಿಗೆ ಹಿಡಿದು ಹನ್ನೆರಡು ವರ್ಷ ಕಳೆದಿತ್ತು. ಅಜ್ಜನಿಗೆ ಐವತ್ತಾರು. ಬೆರಳಿನ ಗಾಯದ ಗುರುತು ಮಾತ್ರ ಉಳಿದಿತ್ತು. ಶ್ರಾವಣದಲ್ಲಿ ವಿಜಯೀಂದ್ರಾಚಾರ್ಯರು ತೀರಿಕೊಂಡರು. ಅದೇ ಸಕ್ಕರೆ, ಅದೇ ಕಾಲು. ಒಂಬತ್ತನೆಯ ದಿನದ ಸಂಜೆ ಮಲ್ದಕಲ್ಲಿನ ರೈತ ಚಿನ್ನಯ್ಯ ಮೊಣಕಾಲ ತನಕ ಕೆಸರು ಮೆತ್ತಿಕೊಂಡು ನಮ್ಮ ಮನೆಯ ಬಾಗಿಲಿಗೆ ಬಂದ. ನಾಲ್ಕು ದಿನದಿಂದ ಬಿಡದ ಮಳೆ, ಕರಿನೆಲದ ದಾರಿಯಲ್ಲಿ ಗಾಡಿಯ ಚಕ್ರ ಅಚ್ಚಿನ ತನಕ ಹೂತು ಹೋಗುತ್ತಿತ್ತು.

“ಅವ್ವಾರೇ, ಗುಂಡಮ್ಮಾರು ಹೇಳಿಕಳಿಸ್ಯಾರ. ನಾಳೆ ಹತ್ತನೇ ದಿನ, ನಾವಿದನ್ನ ಕರಸ್ಯಾರ ಅಂತ ರಾಧಕ್ಕಗ ಹೇಳು ಅಂದ್ರು. ಮತ್ತೇನೂ ಹೇಳಲಿಲ್ರಿ, ಅಳಾಕ ಹತ್ತಿದ್ರು.”

ಅಜ್ಜಿ ಗಂಡನ ಮುಖ ನೋಡಿದಳು. ಬಾಯಿಬಿಟ್ಟು ಕೇಳಲಿಲ್ಲ. ಕೇಳುವುದು ಸಣ್ಣ ಮಾತೂ ಅಲ್ಲ. ಶಾಸ್ತ್ರಕ್ಕೆ ಅಡ್ಡ ನಿಂತರೆ ಪಂಕ್ತಿಯಿಂದ ಹೊರಗೆ ಹಾಕುತ್ತಾರೆ, ಕರೆ ಪೂರ್ತಿ ನಿಲ್ಲುತ್ತದೆ. ಅಜ್ಜ ಚಿನ್ನಯ್ಯನ ಕೆಸರುಗಾಲು ನೋಡಿದ.

“ಮೂರು ಹರದಾರಿ, ಒಂಬತ್ತು ಮೈಲು ಐತಿ. ಬೆಳ್ಳಿಚುಕ್ಕಿ ಮೂಡೋದಕ್ಕ ಹೊಂಟ್ರ ಮುಟ್ಟಬಹುದು,” ಎಂದ.

ನಸುಕಿನಲ್ಲಿ ಅಜ್ಜ, ಅಜ್ಜಿ ಹೊರಟರು. ಬಾಗಿಲು ದಾಟುವಾಗ ಪದ್ಮಕ್ಕ ಕೆಂಪು ಸೀರೆಯ ಕಚ್ಚೆ ಬಿಗಿದು ನಿಂತಿದ್ದಳು. ಇಪ್ಪತ್ತೆಂಟು ವರ್ಷದಿಂದ ಆಕೆ ಯಾರ ಪ್ರಯಾಣಕ್ಕೂ ಎದುರು ಬಂದವಳಲ್ಲ. ವಿಧವೆ ಎದುರಾದರೆ ಅಪಶಕುನವೆಂದು ಜನ ತಿರುಗಿ ಹೋಗುತ್ತಾರೆ. “ನಾನೂ ಬರ್ತೀನಿ,” ಎಂದಳು. ಅಜ್ಜ, “ಮುಂದ ನಡೀರಿ ಪದ್ಮಕ್ಕ, ದಾರಿ ನಿಮಗ ಚಲೋ ಕಾಣತೈತಿ,” ಎಂದ. ಹೆಜ್ಜೆಗೆ ಅರ್ಧ ಸೇರು ಮಣ್ಣು ಅಂಟುತ್ತಿತ್ತು. ಒಂದು ಹಳ್ಳದಲ್ಲಿ ಸೊಂಟದ ತನಕ ನೀರು, ಮೂವರೂ ಕೈಹಿಡಿದು ದಾಟಿದರು. ದಾರಿಯಲ್ಲಿ ಎರಡು ಕಡೆ ಹೂತುಹೋದ ಗಾಡಿಗಳು. ಒಂದರಲ್ಲಿ ಆ ಮನೆಯ ಪುರೋಹಿತರು ಛತ್ರಿ ಹಿಡಿದು ಕೂತಿದ್ದರು. ಹತ್ತನೆಯ ದಿನದ ಕರ್ಮ ಮಾಡಿಸಲು ಹಿಂದಿನ ಸಂಜೆಯೇ ಗದ್ವಾಲದಿಂದ ಹೊರಟವರು, ಇಳಿದು ನಡೆಯುವ ಶಕ್ತಿ ಮೈಯಲ್ಲಿಲ್ಲ. ಅಜ್ಜ ನಮಸ್ಕಾರ ಮಾಡಿ ಮುಂದೆ ಹೋದ.

ಇವರು ಮುಟ್ಟಿದಾಗ ಮಳೆ ನಿಂತು ಹೊತ್ತು ಒಂದೂವರೆ ಮಾರು ಏರಿತ್ತು. ಜಗಲಿಯ ತುದಿಯಲ್ಲಿ ನಾವಿದ ರಾಮುಲು ಪೆಟ್ಟಿಗೆ ಇಟ್ಟುಕೊಂಡು ತಲೆ ಕೆಳಗೆ ಹಾಕಿ ಕೂತಿದ್ದ. ಗುಂಡಾಬಾಯಿ ಒಳಗೆ ಮೂಲೆಯಲ್ಲಿದ್ದಳು. ವಿಜಯೀಂದ್ರಾಚಾರ್ಯರ ಅಣ್ಣ ಮನೆಯ ಹಿರಿಯ, ಅಂಗಳದಲ್ಲಿ ಶತಪಥ ಹಾಕುತ್ತಿದ್ದರು. ಮಧ್ಯಾಹ್ನದೊಳಗೆ ಕರ್ಮ ಆಗಬೇಕು, ಪುರೋಹಿತರ ಸುಳಿವಿಲ್ಲ. ಅಜ್ಜನನ್ನು ಕಂಡು ಅವರಿಗೆ ದೇವರೇ ಬಂದಂತಾಯಿತು.

“ಆಚಾರ್ರೇ, ಈ ಕೆಸರಾಗ ಹೆಂಗ ಬಂದ್ರಿ? ಬರ್ರಿ, ಕರ್ಮ ನೀವೇ ಮಾಡಸ್ರಿ.”

“ಮಾಡಸ್ತೀನಿ. ಮೊದಲ ಆ ಪೆಟ್ಟಿಗಿ ಹೊರಗ ಹೋಗ್ಲಿ.”

ಅಂಗಳದಲ್ಲಿ ಗುಸುಗುಸು ಎದ್ದಿತು. ಹಿರಿಯರು ಕೆಂಪಾದರು. “ಶಾಸ್ತ್ರ ಗೊತ್ತಿದ್ದೋರು ನೀವೇ ಹಿಂಗಂದ್ರ? ನಿಮ್ಮನ್ನ ನಾಳೆ ಯಾರು ಕರೀತಾರ?”

“ಕರೀಬ್ಯಾಡ್ರಿ. ನನಗ ಹೊಟ್ಟಿಗಿ ಬೇಕಾಗಿದ್ದು ಒಂದೂವರೆ ರೊಟ್ಟಿ.” ಅಜ್ಜನ ಧ್ವನಿ ಏರಿತು. “ಹನ್ನೆರಡು ವರ್ಷ ದಿನಾ ಯಾಕ ನಡದೀನಂತ ತಿಳಕೊಂಡೀರಿ? ಸಾಯೋ ಅಂಜಿಕಿಗಲ್ಲ. ನನ್ನ ಹೆಂಡ್ತಿ ತಲಿಗೆ ಕತ್ತಿ ಬರಬಾರದಂತ ನಡದೀನಿ. ನನ್ನ ಮನಿಯಾಗ ಬ್ಯಾಡಾದದ್ದು ನಿಮ್ಮ ಮನಿಯಾಗ ಹೆಂಗ ಮಾಡಸಲಿ? ಹತ್ತಾರು ಮನಿಯಾಗ ಮಾಡಿಸಿ ತಪ್ಪು ಮಾಡೀನಿ. ಇನ್ನ ಮಾಡಸಂಗಿಲ್ಲ. ಬ್ಯಾರೆಯವರು ನಡಕೊಂಡು ಬರೋರಿದ್ರ ಕರಸ್ರಿ.”

ನಡೆದುಕೊಂಡು ಬರುವವರು ಯಾರೂ ಇರಲಿಲ್ಲ. ಆ ಸುತ್ತಿನ ಬ್ರಾಹ್ಮಣರೆಲ್ಲ ಗಾಡಿಯ ಮೇಲಿನವರು. ಹಿರಿಯರು ದಾರಿಯ ಕೆಸರು ನೋಡಿದರು, ನೆತ್ತಿಯ ಕಡೆ ಏರುತ್ತಿದ್ದ ಹೊತ್ತು ನೋಡಿದರು, ಕೆಸರು ತೊಟ್ಟಿಕ್ಕುವ ಕಾಲಲ್ಲಿ ಅಲುಗದೆ ನಿಂತ ಈ ಮೂವರನ್ನು ನೋಡಿದರು. ಆಮೇಲೆ ರಾಮುಲುವಿನ ಕಡೆ ಕೈ ಬೀಸಿದರು. ರಾಮುಲು ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಅಜ್ಜನ ಹತ್ತಿರ ಬಂದು, “ನನಗೂ ಮನಸಿದ್ದಿಲ್ರಿ ಸ್ವಾಮಿ,” ಎಂದು ಸರಸರ ನಡೆದುಬಿಟ್ಟ. ಅಷ್ಟು ಚುರುಕಾಗಿ ಆತ ಕೆಲಸಕ್ಕೆ ಬಂದಿರಲಿಲ್ಲ.

ಇದರಿಂದ ಮುಂದೆ ಏನಾಯಿತೆಂದು ಕೇಳುವವರಿಗೆ ಹೇಳಿಬಿಡುತ್ತೇನೆ. ಹೆದರಿಸಿದಂತೆಯೇ ಅಜ್ಜನನ್ನು ಪಂಕ್ತಿಯಿಂದ ಹೊರಗಿಟ್ಟರು. ಎಂಟು ವರ್ಷ ಒಂದು ವಡೆಯ ಕರೆಯೂ ಬರಲಿಲ್ಲ. ಸಕ್ಕರೆ ಕಾಯಿಲೆಯವನಿಗೆ ಇದಕ್ಕಿಂತ ಒಳ್ಳೆಯ ಶಿಕ್ಷೆ ಎಲ್ಲಿ ಸಿಗಬೇಕು? ಮಕ್ಕಳಿಗೆ ಪಾಠ ಹೇಳಿ, ಜಾತಕ ಬರೆದು ಸಂಸಾರ ಸಾಗಿಸಿದ. ನಿಜಾಮರ ರಾಜ್ಯ ಮುಗಿದ ವರ್ಷ ಆತನಿಗೆ ಅರವತ್ತಾರು, ಬಾವಿಯ ತನಕ ಹೋಗಿಬರುತ್ತಿದ್ದ. ಅಜ್ಜಿ ಹಿಂದೆ ನಡೆಯುವುದನ್ನು ಬಿಟ್ಟು ಪಕ್ಕದಲ್ಲಿ ನಡೆಯುತ್ತಿದ್ದಳು. ಊರಿನವರು ಅದನ್ನೂ ಆಡಿಕೊಂಡರು.

ಆ ದಿನ ಮಲ್ದಕಲ್ಲಿನಲ್ಲಿ ಕರ್ಮ ಮುಗಿದು, ಗುಂಡಾಬಾಯಿಗೆ ತಲೆಗೆ ನೀರು ಹಾಕಿ ಒಳಗೆ ಕೂಡಿಸಿದರು. ಹತ್ತು ದಿನದಿಂದ ಬಾಚದ ಕೂದಲು ಗಂಟುಗಂಟಾಗಿತ್ತು. ಆ ಮನೆಯ ಹೆಂಗಸರು ಯಾರೂ ಮುಟ್ಟಲು ಮುಂದೆ ಬರಲಿಲ್ಲ. ಅಜ್ಜಿ ಹಣಿಗೆ ತೆಗೆದುಕೊಳ್ಳಲು ಕೈ ಚಾಚಿದಳು. ಪದ್ಮಕ್ಕ ಅದನ್ನು ಮೊದಲೇ ಎತ್ತಿಕೊಂಡಿದ್ದಳು. ಆ ಹುಡುಗಿಯ ಹಿಂದೆ ಕೂತು, ತುದಿಯಿಂದ ಶುರುಮಾಡಿ, ಒಂದೊಂದೇ ಗಂಟು ಬಿಡಿಸುತ್ತ, ನೋಯದಂತೆ ಬುಡ ಹಿಡಿದುಕೊಂಡು ಬಾಚತೊಡಗಿದಳು. ಇಪ್ಪತ್ತೆಂಟು ವರ್ಷ ಆಕೆಯ ಕೈಗೆ ಹಣಿಗೆಯ ಕೆಲಸ ಇರಲಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು ಅತ್ತಳಂತೆ, ಹನ್ನೆರಡು ವರ್ಷದಲ್ಲಿ ಮೊದಲ ಸಲ. ಪದ್ಮಕ್ಕ ಅಳಲಿಲ್ಲ. ಪೂರ್ತಿ ಬಾಚಿ, ಮೂರು ಎಳೆ ತೆಗೆದು, ಬಿಗಿಯಾಗಿ ಜಡೆ ಹೆಣೆದಳು.